ಮೂರು ಪಾಳಿಯ ಅಯ್ಯನೋರು

ಆನ್‌ಲೈನ್ ಆಟ ಆಡಿ ಹಾಳಾದೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಹಾಳಾಗುವಷ್ಟಾದರೂ ಆಡಿದರಲ್ಲ! ನಾನು ಆಡಿದ್ದು ಕಡಿಮೆ, ಇನ್ನಿಬ್ಬರು ಆಡಿ ಕೆಡಿಸಿಟ್ಟದ್ದನ್ನು ಸರಿಪಡಿಸಿದ್ದೇ ಹೆಚ್ಚು. ಇಷ್ಟು ವರ್ಷಗಳ ಮೇಲೂ ಆ ವಿಷಯ ತೆಗೆದರೆ ನನ್ನ ದನಿ ಏರುತ್ತದೆ. ಮನೆಯಾಕೆ ‘ಆ ಆಟದ ಸುದ್ದಿ ಬ್ಯಾಡ್ರಿ, ಮೊದ್ಲು ಊಟ ಮಾಡ್ರಿ’ ಎಂದು ತಾಟು ಮುಂದಿಡುತ್ತಾಳೆ. ನಾನು ಊಟ ಮಾಡುತ್ತಲೇ ಬೈಯುತ್ತೇನೆ.

ಆಟವೆಂದರೆ ಇಸ್ಪೀಟು, ಕೇರಂ ಥರದ್ದಲ್ಲ. ಎಲ್ಲೆಲ್ಲಿಯದೋ ದೇಶದ ಸಾವಿರಾರು ಜನ ಇಂಟರ್ನೆಟ್ಟಿನಲ್ಲಿ ಒಂದೇ ಹೊತ್ತಿಗೆ ಸೇರುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ವೇಷ. ಒಬ್ಬ ಯೋಧ, ಒಬ್ಬ ಬೇಟೆಗಾರ, ಒಬ್ಬ ಮಾಟಗಾರ. ಆ ವೇಷ ಒಂದು ದಿನದ್ದಲ್ಲ, ವರ್ಷಗಟ್ಟಲೆ ಅದೇ. ಅದು ವಿದ್ಯೆ ಕಲಿಯುತ್ತದೆ, ಬಟ್ಟೆಬರೆ ಮಾಡಿಕೊಳ್ಳುತ್ತದೆ, ಗೆಳೆಯರನ್ನು ಸಂಪಾದಿಸುತ್ತದೆ, ಹೆಸರು ಕೆಡಿಸಿಕೊಳ್ಳುತ್ತದೆ. ನಮ್ಮ ವೇಷ ಪೂಜಾರಿಯದು. ಉದ್ದನೆಯ ಬಿಳಿ ನಿಲುವಂಗಿ, ಕೈಯಲ್ಲಿ ಒಂದು ದಂಡ. ಅವನ ಕೆಲಸ ಜಗಳದಲ್ಲಿ ಎಲ್ಲರ ಹಿಂದೆ ನಿಂತು, ಮುಂದೆ ಹೊಡೆದಾಡುವವರ ಗಾಯ ಮಾಯಿಸುವುದು, ಸತ್ತುಬಿದ್ದವರನ್ನು ಎಬ್ಬಿಸುವುದು. ಮನೆಗೆ ಪೂಜೆಗೆ ಬರುವ ಅಯ್ಯನವರನ್ನು ಕರೆದ ಹಾಗೆ ನಾವು ಅವನನ್ನು ಅಯ್ಯನೋರು ಎನ್ನುತ್ತಿದ್ದೆವು.

ನಾವು ಅಂದರೆ ಮೂವರು. ತಲೆನೋವು ಶುರುವಾಗುವುದೇ ಇಲ್ಲಿಂದ. ಆ ಆಟಕ್ಕೆ ತಿಂಗಳ ಚಂದಾ ಇತ್ತು, ಅದನ್ನು ಕಟ್ಟಲು ಕ್ರೆಡಿಟ್ ಕಾರ್ಡ್ ಬೇಕಿತ್ತು. ನಮ್ಮ ಬಳಗದಲ್ಲೆಲ್ಲ ಅಂಥದ್ದು ಇದ್ದದ್ದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮ ದೊಡ್ಡಪ್ಪನ ಹತ್ತಿರ ಮಾತ್ರ. ಹಾಗಾಗಿ ಒಂದು ಕಾರ್ಡು, ಒಂದು ಖಾತೆ, ಒಬ್ಬ ಅಯ್ಯನೋರು. ಆಡುವವರು ಮಾತ್ರ ದೊಡ್ಡಪ್ಪನ ಮಗನಾದ ನನ್ನ ಅಣ್ಣ, ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂತು ಅರ್ಧಕ್ಕೇ ಓದು ಬಿಟ್ಟ ಸಂಡೂರಿನ ಗೆಳೆಯ, ಮತ್ತು ಹೊಸಪೇಟೆಯ ನಾನು.

ಪಾಳಿ ಹಾಕಿಕೊಳ್ಳೋಣ ಎಂದವನು ಅಣ್ಣ. ಅದೂ ಅವನ ಸ್ವಂತ ಬುದ್ಧಿಯಲ್ಲ, ಲಾರಿಗಳನ್ನು ನೋಡಿ ಕಲಿತದ್ದು. ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ವರ್ಷಗಳು ಅವು. ಸಂಡೂರಿನ ಗುಡ್ಡಗಳಿಂದ ಇಳಿಯುವ ಲಾರಿ ನಿಂತದ್ದೇ ಇಲ್ಲ. ಒಬ್ಬ ಡ್ರೈವರ್ ಇಳಿದರೆ ಇನ್ನೊಬ್ಬ ಹತ್ತುತ್ತಿದ್ದ, ಸೀಟು ತಣ್ಣಗಾಗಲು ಬಿಡುತ್ತಿರಲಿಲ್ಲ.

‘ಅಯ್ಯನೋರನ್ನ ಲಾರಿ ಹಂಗ ಓಡಿಸೋಣಲೇ,’ ಅಂದ ಅಣ್ಣ. ‘ಸುಮ್ನ ಯಾಕ ನಿಲ್ಸಬೇಕು? ಬೆಳಿಗ್ಗೆ ಸಂಡೂರು, ಮಧ್ಯಾಹ್ನ ಕಂಪ್ಲಿ, ಸಂಜಿಕ ನೀನು. ಇಳಿಯೋರು ಒಂದು ಮಿಸ್‌ಕಾಲ್ ಕೊಡ್ರಿ, ಹತ್ತೋರು ಹತ್ರಿ.’

ಕೇಳಲು ಚೆನ್ನಾಗಿಯೇ ಇತ್ತು. ಲಾರಿಗೆ ಯಾರು ಕೂತರೂ ಒಂದೇ, ಅದು ಹೋಗುವುದು ಅದಿರು ಇಳಿಸುವ ಜಾಗಕ್ಕೇ. ಅಯ್ಯನೋರಿಗೆ ಹಾಗಿರಲಿಲ್ಲ ಎನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು.

ಸಂಡೂರಿನವನ ಅಪ್ಪ ಗಣಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದರು. ಇವನು ಬೆಳಿಗ್ಗೆ ಅಲ್ಲಿ ಹೋಗಿ ಕಾಗದಪತ್ರ ಜೋಡಿಸುವ ನೆಪದಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಕೂತು ಏನು ಮಾಡುತ್ತಿದ್ದ? ಅಗೆಯುತ್ತಿದ್ದ. ಆಟದೊಳಗೂ ಗುಡ್ಡಗಳಿದ್ದವು, ಗುಡ್ಡಗಳಲ್ಲಿ ಕಬ್ಬಿಣದ ಅದಿರಿತ್ತು, ಗುದ್ದಲಿ ಹಿಡಿದರೆ ಅದು ಸಿಗುತ್ತಿತ್ತು. ಪೂಜಾರಿಯ ಕೈಗೆ ಗುದ್ದಲಿ ಕೊಟ್ಟು ಇವನು ಬೆಳಗಿನ ಪಾಳಿ ಪೂರ್ತಿ ಅಗೆಸುತ್ತಿದ್ದ. ಸಂಜೆ ನಾನು ಹತ್ತಿ ನೋಡಿದರೆ ಅಯ್ಯನೋರ ಚೀಲದ ತುಂಬ ಬರೀ ಅದಿರು. ಔಷಧಿ ಇಡಲು ಜಾಗವಿಲ್ಲ, ರೊಟ್ಟಿ ಇಡಲು ಜಾಗವಿಲ್ಲ.

‘ಮನಿ ಮುಂದಿನ ಗುಡ್ಡ ಅಗದದ್ದು ಸಾಲ್ದೇನಲೇ ನಿಮ್ಮೂರಿಗೆ?’ ಎಂದು ಫೋನಿನಲ್ಲಿ ಕೂಗಾಡಿದೆ.

‘ಇಲ್ಲಿ ಅಗದ್ರ ಮತ್ತ ಹುಟ್ಟತೈತಿ ನೋಡು,’ ಅಂದ ಅವನು, ನಿಧಾನಕ್ಕೆ. ‘ಅಲ್ಲಿ ಹುಟ್ಟಂಗಿಲ್ಲ.’

ನಾನು ಫೋನಿಟ್ಟೆ. ಮರುದಿನ ಮತ್ತೆ ಚೀಲದ ತುಂಬ ಅದಿರಿತ್ತು.

ಅಣ್ಣನದು ಬೇರೆಯೇ ರೋಗ. ಕಂಪ್ಲಿಯ ಗಿರಣಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರ ನಿಂತು, ಹಮಾಲರು ಮೂಟೆಗಳ ಮೇಲೆ ಅಡ್ಡಾದಾಗ ಅವನ ಪಾಳಿ. ಊರಿನಲ್ಲಿ ಹೊಸ ದುಡ್ಡು ಓಡಾಡುತ್ತಿತ್ತಲ್ಲ, ಅದರ ಗಾಳಿ ಗಿರಣಿಯವರಿಗೂ ತಗುಲಿತ್ತು. ಅಣ್ಣ ಬಿಳಿ ಅಂಗಿ, ಕರಿ ಕನ್ನಡಕ ಹಾಕಿ ಹೋಟೆಲಿನಲ್ಲಿ ಗುರುತಿನವರ ಬಿಲ್ಲನ್ನೆಲ್ಲ ತಾನೇ ಕೊಡುವವನು. ಆಟದಲ್ಲೂ ಅದೇ ಠೀವಿ. ಯಾರೋ ಹೊಸಬ ಎದುರಿಗೆ ಬಂದು ‘ಏನಾದರೂ ಕೊಡಪ್ಪಾ’ ಎಂದರೆ ಸಾಕು, ಅಯ್ಯನೋರ ಕೈಯಲ್ಲಿದ್ದದ್ದನ್ನು ತೆಗೆದುಕೊಟ್ಟುಬಿಡುತ್ತಿದ್ದ. ನಾನು ವಾರಗಟ್ಟಲೆ ಒದ್ದಾಡಿ ಗಳಿಸಿದ ದಂಡವನ್ನು ಒಬ್ಬ ಪರದೇಶಿಗೆ ಕೊಟ್ಟು, ತಾನು ಸೌದೆ ತುಂಡು ಹಿಡಿದು ನಿಂತ. ಸಾಲದ್ದಕ್ಕೆ ಜಗಳ ಶುರುವಾದರೆ ಹಿಂದೆ ನಿಲ್ಲಲು ಅವನಿಗೆ ನಾಚಿಕೆ. ಪೂಜಾರಿ ಎನ್ನುವುದನ್ನು ಮರೆತು, ಎಲ್ಲರಿಗಿಂತ ಮುಂದೆ ಓಡಿ, ಆ ಸೌದೆಯಿಂದ ರಾಕ್ಷಸನಿಗೆ ಹೊಡೆಯಲು ಹೋಗಿ ಮೊದಲು ತಾನೇ ಸಾಯುತ್ತಿದ್ದ.

‘ಕೊಟ್ರ ಹೋತು ಬಿಡಲೇ, ಮತ್ತ ಬರತೈತಿ,’ ಎನ್ನುವುದು ಅವನ ಮಾತು. ಬರುತ್ತಿದ್ದದ್ದು ನಿಜ. ತರುತ್ತಿದ್ದವನು ನಾನು.

ನನ್ನ ಪಾಳಿ ಸಂಜೆಯದು. ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ. ಬಾಗಿಲಿಗೆ ಎಷ್ಟು ದಪ್ಪನೆಯ ಪರದೆ ಕಟ್ಟಿದರೂ ಲಾರಿಗಳ ಕೆಂಪು ಧೂಳು ಒಳಗೆ ಬಂದು ಕೀಬೋರ್ಡಿನ ಗುಂಡಿಗಳ ಸಂದಿಯಲ್ಲಿ ಕೂರುತ್ತಿತ್ತು. ಮಾಲೀಕರು ಅದನ್ನು ಸೈಕಲ್ ಪಂಪಿನಿಂದ ಊದುತ್ತಿದ್ದರು. ಊದಿದ ಧೂಳು ಪಕ್ಕದ ಕಂಪ್ಯೂಟರಿಗೆ ಹೋಗಿ ಕೂರುತ್ತಿತ್ತು, ಆಮೇಲೆ ಅದನ್ನು ಊದುತ್ತಿದ್ದರು. ಅದರ ನಡುವೆ ಕರೆಂಟು ಹೋಗುವುದು, ಮಿತಿ ಮೀರಿ ಲೋಡು ಹೊತ್ತ ಲಾರಿ ಟೆಲಿಫೋನ್ ತಂತಿಯನ್ನು ಹರಿದುಕೊಂಡು ಹೋಗುವುದು. ಇದೆಲ್ಲದರಿಂದ ತಪ್ಪಿಸಿಕೊಂಡು ಅಯ್ಯನೋರ ಹತ್ತಿರ ಹೋದರೆ ಅವನು ಯಾವುದೋ ಹೆಂಡದಂಗಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದ. ಅಣ್ಣ ಎಲ್ಲಿ ಇಳಿದನೋ ಅಲ್ಲೇ ಬಿಟ್ಟುಹೋಗಿರುತ್ತಿದ್ದ.

ಗೋಡೆಗೆ ಮುಖ! ಬೇರೆ ಏನು ಮಾಡಿದ್ದರೂ ಸಹಿಸುತ್ತಿದ್ದೆನೇನೋ. ಇದನ್ನು ಮಾತ್ರ ನನ್ನಿಂದ ಸಹಿಸಲು ಆಗುತ್ತಿರಲಿಲ್ಲ. ಏಕೆಂದರೆ ನಾನು ಹುಟ್ಟಿ ಬೆಳೆದದ್ದು ಲಾರಿಗಳ ನಡುವೆ. ಅಪ್ಪನಿಗೆ ಕಮಲಾಪುರದ ರಸ್ತೆಯಲ್ಲಿ ಒಂದು ಲಾರಿ ಶೆಡ್ಡು ಇತ್ತು. ಅಲ್ಲಿ ಒಂದೇ ಕಾನೂನು. ಗಾಡಿ ನಿಲ್ಲಿಸುವಾಗ ಹಿಂದಕ್ಕೆ ತೆಗೆದುಕೊಂಡೇ ನಿಲ್ಲಿಸಬೇಕು, ಮುಖ ರಸ್ತೆಗಿರಬೇಕು.

‘ಕರದ ಕೂಡ್ಲೆ ಹೊಂಡಂಗ ಇರ್ಬೇಕು ಗಾಡಿ,’ ಎನ್ನುತ್ತಿದ್ದರು ಅಪ್ಪ. ‘ಆಗ ತಿರುಗಿಸ್ಕೋತ ಕುಂದ್ರಾಕ ಆಗತೈತೇನು?’

ಚಿಕ್ಕವನಿದ್ದಾಗಿನಿಂದ ಲಾರಿಗಳ ಹಿಂದೆ ನಿಂತು ‘ಬರ್ಲಿ, ಬರ್ಲಿ, ಹೋಲ್ಡ್’ ಎಂದು ಕೂಗುವ ಕೆಲಸ ನನ್ನದು. ಅದು ಎಂಥ ಚಟವಾಯಿತೆಂದರೆ ಮನೆಯಲ್ಲಿ ಸೈಕಲ್ಲು, ಸ್ಕೂಟರು ಎಲ್ಲ ಹೊರಮುಖ. ಒಮ್ಮೆ ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರ ಚಪ್ಪಲಿಗಳನ್ನೂ ಸಾಲಾಗಿ ಬೀದಿಯ ಕಡೆಗೆ ತಿರುಗಿಸಿಟ್ಟೆ. ಅವರಲ್ಲೊಬ್ಬ ಹಿರಿಯರು ಅದನ್ನು ಕಂಡು ‘ಜಲ್ದಿ ಹೊಂಡ್ರಿ ಅಂತೀರೇನಪಾ?’ ಎಂದು ಕೇಳಿದರು. ಅವ್ವ ಅಡುಗೆಮನೆಯಿಂದಲೇ ನನ್ನನ್ನು ದುರುಗುಟ್ಟಿ ನೋಡಿದಳು. ಮುಂದೆ ಗಣಿಗಳು ನಿಂತು ಲಾರಿಗಳು ಕೆಲಸವಿಲ್ಲದೆ ಸಾಲುಗಟ್ಟಿದ ಕಾಲದಲ್ಲೂ ಅಪ್ಪನ ಶೆಡ್ಡಿನಲ್ಲಿ ಅವು ಮುಖ ರಸ್ತೆಗಿಟ್ಟುಕೊಂಡೇ ತುಕ್ಕು ಹಿಡಿದವು.

ಹಾಗಾಗಿ ನನ್ನ ಪಾಳಿ ಮುಗಿದ ಮೇಲೆ ನಾನು ಅಯ್ಯನೋರನ್ನು ಎಲ್ಲೆಂದರಲ್ಲಿ ಬಿಡುತ್ತಿರಲಿಲ್ಲ. ಹರಿದ ಬಟ್ಟೆ ಹೊಲಿಸಿ, ಚೀಲದ ಅದಿರು ಖಾಲಿ ಮಾಡಿಸಿ, ಊರ ಹೆಬ್ಬಾಗಿಲಿಗೆ ನಡೆಸಿಕೊಂಡು ಬಂದು, ಬೆನ್ನು ಊರಿಗೆ, ಮುಖ ರಸ್ತೆಗೆ ಮಾಡಿ ನಿಲ್ಲಿಸುತ್ತಿದ್ದೆ. ಆಮೇಲೇ ಇಳಿಯುತ್ತಿದ್ದದ್ದು. ಮರುದಿನ ಯಾರು ಹತ್ತಿದರೂ ಅವನು ಅಲ್ಲೇ ಹಾಗೇ ನಿಂತಿರುತ್ತಿದ್ದ, ಹೊರಡಲು ತಯಾರಾಗಿ. ಅದಕ್ಕೆ ಇಬ್ಬರಲ್ಲಿ ಒಬ್ಬನಾದರೂ ಒಂದು ಒಳ್ಳೆಯ ಮಾತು ಹೇಳಿದ್ದು ನನಗೆ ನೆನಪಿಲ್ಲ.

ಅದನ್ನು ಗಮನಿಸಿದ್ದವನು ಬೇರೆ ಒಬ್ಬನಿದ್ದ.

ಆಟದಲ್ಲಿ ಹತ್ತಾರು ಜನ ಸೇರಿ ತಂಡ ಕಟ್ಟಿಕೊಳ್ಳುತ್ತಾರೆ. ನಮ್ಮ ತಂಡದ ನಾಯಕ ಒಬ್ಬ ಕೊಡಲಿ ಹಿಡಿದ ಗಡ್ಡದ ಯೋಧ. ಉತ್ತರದ ಯಾವುದೋ ಚಳಿ ದೇಶದವನು ಎನ್ನುವುದಷ್ಟೇ ಗೊತ್ತಿತ್ತು. ನಮ್ಮೊಳಗೆ ಅವನಿಗೆ ಕೊಡಲ್ಯಪ್ಪ ಎಂದು ಹೆಸರಿಟ್ಟಿದ್ದೆವು. ಅವನದು ನಸುಕಿನ ಕೆಲಸವಂತೆ, ಅವನ ಮಧ್ಯಾಹ್ನಕ್ಕೆ ಬಿಡುವು, ಅದು ನನಗೆ ಸಂಜೆ. ಹಾಗಾಗಿ ಹೆಚ್ಚಾಗಿ ಸಿಗುತ್ತಿದ್ದವನು ನನಗೆ. ರಜೆಯ ದಿನ ಮಾತ್ರ ಅವನು ಬೆಳಿಗ್ಗೆಯಿಂದಲೇ ಬಂದು ಕೂರುತ್ತಿದ್ದ. ಆ ದಿನ ಅವನ ಕಣ್ಣಿಗೆ ನಮ್ಮ ಮೂರೂ ಪಾಳಿ ಬೀಳುತ್ತಿದ್ದವು.

ನಾವಿಬ್ಬರೂ ಹೆಚ್ಚು ಮಾತಾಡಿದವರಲ್ಲ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ, ಅವನದೂ ಅಷ್ಟಕ್ಕಷ್ಟೆ. ಅವನು ಮುಂದೆ ಹೋಗುತ್ತಿದ್ದ, ನಾನು ಹಿಂದೆ ನಿಂತು ಅವನನ್ನು ಉಳಿಸುತ್ತಿದ್ದೆ. ಒಮ್ಮೆ ಮಂಜಿನ ಗವಿಯೊಂದರಲ್ಲಿ ದೊಡ್ಡ ಮೃಗ ಎದ್ದು ಬಂದಾಗ ತಂಡದವರೆಲ್ಲ ಓಡಿಹೋದರು. ಕೊಡಲ್ಯಪ್ಪ ಸತ್ತುಬಿದ್ದಿದ್ದ. ನಾನೂ ಓಡಬಹುದಿತ್ತು. ಓಡಲಿಲ್ಲ, ನಿಂತು ಅವನನ್ನು ಎಬ್ಬಿಸಿದೆ. ಆಮೇಲೆ ಇಬ್ಬರೂ ಸತ್ತೆವು ಅನ್ನಿ. ಆದರೂ ಅವನು ‘ನಿಂತೆಯಲ್ಲ’ ಎಂದು ಬರೆದ. ಕಾಲೇಜಿನಲ್ಲಿ, ಮನೆಯಲ್ಲಿ, ಶೆಡ್ಡಿನಲ್ಲಿ ಯಾರೂ ನನ್ನ ಬಗ್ಗೆ ಅಷ್ಟು ಹೇಳಿರಲಿಲ್ಲ.

ಇನ್ನೊಂದು ಸಂಜೆ ಅವನು ಕೇಳಿದ. ‘ಕೆಲವು ದಿನ ನೀನು ಹೆಬ್ಬಾಗಿಲಲ್ಲಿ ರಸ್ತೆ ನೋಡುತ್ತಾ ನಿಂತಿರುತ್ತೀಯ. ಕೆಲವು ದಿನ ಹೆಂಡದಂಗಡಿಯ ಗೋಡೆ ನೋಡುತ್ತಾ ನಿಂತಿರುತ್ತೀಯ. ಯಾಕೆ?’

ಗೋಡೆಯದಕ್ಕೆ ನಾನು ಉತ್ತರ ಕೊಡಲಿಲ್ಲ. ರಸ್ತೆಯದಕ್ಕೆ ಮಾತ್ರ ‘ನೀನು ಕರೆದ ತಕ್ಷಣ ಹೊರಡಲು’ ಎಂದು ಬರೆದೆ.

ಎಲ್ಲವನ್ನೂ ಹೇಳಿಬಿಡಬೇಕೆಂದು ನನಗೆ ಎಷ್ಟು ಆಸೆಯಾಗುತ್ತಿತ್ತು! ನಾನು ಮೂವರಲ್ಲಿ ಒಬ್ಬ, ಗವಿಯಲ್ಲಿ ನಿಂತವನು ನಾನು, ಸೌದೆ ಹಿಡಿದು ಓಡಿದವನು ನಾನಲ್ಲ ಎಂದು ಅವನಿಗೊಬ್ಬನಿಗಾದರೂ ಗೊತ್ತಾಗಬೇಕಿತ್ತು. ಆದರೆ ಹೇಳುವಂತಿರಲಿಲ್ಲ. ಒಂದು ಖಾತೆ ಒಬ್ಬರಿಗೇ ಎನ್ನುವುದು ಆಟದ ನಿಯಮ. ಹಂಚಿಕೊಂಡದ್ದು ಗೊತ್ತಾದರೆ ಖಾತೆ ಮುಚ್ಚಿಬಿಡುತ್ತಿದ್ದರು. ನಮ್ಮ ತಂಡದಲ್ಲೇ ಗಂಡ ಹೆಂಡತಿ ಒಂದೇ ವೇಷ ಆಡುತ್ತಿದ್ದಾರೆಂದು ಸುದ್ದಿಯಾಗಿ ಅವರನ್ನು ಹೊರಗೆ ಹಾಕಿದ್ದರು.

‘ಬಾಯಿ ಬಿಟ್ಟೀ ನೋಡು,’ ಎಂದು ಅಣ್ಣ ನನ್ನನ್ನು ಮೊದಲೇ ಎಚ್ಚರಿಸಿದ್ದ. ‘ಅಯ್ಯನೋರು ಸತ್ರ ನಿನ್ನ ತಲಿ ಮ್ಯಾಲೆ.’

ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೂ ಮಾನ ಉಳಿಯಲಿಲ್ಲ. ತಂಡವೆಲ್ಲ ವಾರಗಟ್ಟಲೆ ತಯಾರಿ ಮಾಡಿಕೊಂಡು ಒಂದು ಸಂಜೆ ದೊಡ್ಡ ರಾಕ್ಷಸನ ಮೇಲೆ ಹೋಗಿತ್ತು. ಗಾಯ ಮಾಯಿಸುವವನು ನಾನೊಬ್ಬನೇ. ಕೆಫೆಯ ಕರೆಂಟಿತ್ತು, ತಂತಿಯಿತ್ತು, ಧೂಳು ಊದಿಸಿಕೊಂಡು ಕೂತಿದ್ದೆ. ರಾಕ್ಷಸ ಅರ್ಧ ಸತ್ತಿದ್ದ. ಅಷ್ಟರಲ್ಲಿ ಪರದೆ ಕಪ್ಪಾಗಿ, ‘ಈ ಖಾತೆ ಬೇರೆ ಕಡೆ ತೆರೆದಿದೆ’ ಎಂಬ ಸಾಲು ಬಂತು.

ಕಂಪ್ಲಿಯಲ್ಲಿ ಆ ದಿನ ಕರೆಂಟಿನ ಹೊತ್ತು ಬದಲಾಗಿತ್ತು. ಮಧ್ಯಾಹ್ನ ಬರಬೇಕಾದದ್ದು ಸಂಜೆ ಬಂದಿತ್ತು. ಬಂದದ್ದೇ ಅಣ್ಣ ಮಿಸ್‌ಕಾಲ್ ಗಿಸ್‌ಕಾಲ್ ಯಾವುದನ್ನೂ ಕೊಡದೆ ಹತ್ತಿ ಕೂತಿದ್ದ. ನಾನು ಮತ್ತೆ ಒಳಗೆ ಹೋದೆ, ಅವನು ಹೊರಗೆ ಬಿದ್ದ. ಅವನು ಮತ್ತೆ ಹತ್ತಿದ, ನಾನು ಬಿದ್ದೆ. ಅಯ್ಯನೋರು ರಾಕ್ಷಸನ ಕಾಲಬುಡದಲ್ಲಿ ಮಿಣಮಿಣ ಮಿನುಗುತ್ತಾ ಕಾಣುತ್ತಿದ್ದ, ಮಾಯವಾಗುತ್ತಿದ್ದ. ನಾನಿದ್ದಾಗ ಗಾಯ ಮಾಯಿಸುತ್ತಿದ್ದ, ಅಣ್ಣನಿದ್ದಾಗ ಓಡಿಹೋಗಿ ರಾಕ್ಷಸನ ಮೊಣಕಾಲಿಗೆ ದಂಡದಿಂದ ಬಾರಿಸುತ್ತಿದ್ದ. ಕೊನೆಗೆ ತಂಡಕ್ಕೆ ತಂಡವೇ ಸತ್ತುಮಲಗಿತು.

ಅಣ್ಣನಿಗೆ ಫೋನ್ ಮಾಡಿ ನಾನು ಬೈದ ಬೈಗುಳ ಕೇಳಿ ಕೆಫೆಯ ಮಾಲೀಕರು ಪಂಪು ಕೆಳಗಿಟ್ಟು ‘ಮನ್ಯಾಗ ಏನರ ಆತೇನ್ರಿ?’ ಎಂದು ವಿಚಾರಿಸಿದರು.

‘ಪವರ್ ಬಂತು, ಕುಂತೆ,’ ಎಂದಷ್ಟೇ ಅಣ್ಣನ ಉತ್ತರ. ‘ನನಗೇನ್ ಗೊತ್ತಲೇ ನೀವು ಲಗ್ನಕ್ಕ ಹೊಂಟಂಗ ಹೊಂಟೀರಿ ಅಂತ?’

ಏನಾಯಿತೆಂದು ಕೊಡಲ್ಯಪ್ಪ ಕೇಳಿದಾಗ ನಾನು ಕರೆಂಟು ಹೋಯಿತು ಎಂದೆ. ಅಣ್ಣ ಮರುದಿನ ತನ್ನ ಪಾಳಿಯಲ್ಲಿ, ಹೊಟ್ಟೆ ಹಸಿದಿತ್ತು, ಊಟಕ್ಕೆ ಎದ್ದೆ ಎಂದು ಹೇಳಿದನಂತೆ. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಅಣ್ಣ ಕಂಪ್ಲಿಯಿಂದ ಹೊಸ ಜೀಪಿನಲ್ಲಿ ನೇರವಾಗಿ ನಮ್ಮ ಶೆಡ್ಡಿಗೇ ಬಂದ. ಜೀಪಿನ ಮುಖವನ್ನು ನೀರಿನ ತೊಟ್ಟಿಗೆ ಆನಿಸಿ ನಿಲ್ಲಿಸಿ ಇಳಿದ.

‘ಕೊಡಲ್ಯಪ್ಪ ಹಂಪಿಗೆ ಬರಾಕತ್ತಾನಲೇ! ಅಯ್ಯನೋರನ್ನ ನೋಡ್ಬೇಕಂತ.’

ನಮ್ಮ ಊರು ಹಂಪಿಯ ಪಕ್ಕ ಎಂದು ನಾನೇ ಯಾವಾಗಲೋ ಹೇಳಿದ್ದೆ. ರಜೆಯಲ್ಲಿ ಆ ಕಲ್ಲುಗಳನ್ನು ನೋಡಲು ಹೊರಟಿದ್ದೇನೆ, ನಿನ್ನನ್ನೂ ನೋಡಬಹುದೇ ಎಂದು ಅವನು ಬರೆದದ್ದು ಅಣ್ಣನ ಪಾಳಿಯಲ್ಲಿ ಬಂದಿತ್ತು. ಅಣ್ಣ ಹಿಂದೆಮುಂದೆ ನೋಡದೆ ‘ಬಾ, ಕಾಯುತ್ತಿದ್ದೇನೆ’ ಎಂದು ಬರೆದುಬಿಟ್ಟಿದ್ದ.

‘ನಾನು ಹೋಗ್ತೀನಿ,’ ಅಂದೆ.

‘ನೀ ಯಾಕ? ಖಾತೆ ಯಾರ ಹೆಸರಿನ್ಯಾಗ ಐತಿ? ದೊಡ್ಡವ ಯಾರು?’ ಎಂದ ಅಣ್ಣ. ‘ನಾನ ಅಯ್ಯನೋರು. ನೀವಿಬ್ರು ನನ್ನ ಜೋಡಿ ಬಂದೋರು. ಸುಮ್ನ ಕೈಕಟ್ಟಿ ನಿಂದ್ರಬೇಕು.’

ಎಷ್ಟು ವಾದಿಸಿದರೂ ಒಪ್ಪಲಿಲ್ಲ. ಸಂಡೂರಿನವನು ಎಂದಿನ ಹಾಗೆ ‘ಯಾರರ ಆಗ್ರಿ, ನನಗ ಮಿರ್ಚಿ ಕೊಡಸ್ರಿ’ ಎಂದುಬಿಟ್ಟ. ದೊಡ್ಡವರ ಮಾತಿಗೆ ಎದುರಾಡಿ ಗೆದ್ದ ಚರಿತ್ರೆ ನಮ್ಮ ಮನೆತನದಲ್ಲೇ ಇಲ್ಲ. ನನ್ನ ಅಯ್ಯನೋರನ್ನು ನೋಡಲು ಸಮುದ್ರ ದಾಟಿ ಬರುವವನ ಮುಂದೆ ನಾನು ಅಯ್ಯನೋರ ಶಿಷ್ಯನಾಗಿ ನಿಲ್ಲಬೇಕಾಯಿತು.

ಹಂಪಿ ಬಜಾರಿನ ಗೆಸ್ಟ್ ಹೌಸಿನಿಂದ ಹೊರಗೆ ಬಂದ ಕೊಡಲ್ಯಪ್ಪನಿಗೆ ಗಡ್ಡವೇ ಇರಲಿಲ್ಲ. ಗಿಡ್ಡ ಆಳು, ಬೊಕ್ಕತಲೆ, ನಮ್ಮಪ್ಪನ ವಯಸ್ಸು, ಬಿಸಿಲಿಗೆ ಕೆಂಪಾದ ಮೂಗು. ಅಣ್ಣ ಎರಡೂ ಕೈ ಚಾಚಿ ಮುಂದೆ ಹೋದ. ಕೊಡಲ್ಯಪ್ಪ ಅವನ ಕೈ ಕುಲುಕಿ, ನಮ್ಮಿಬ್ಬರ ಕಡೆಯೂ ನೋಡಿ ನಕ್ಕ. ಅಣ್ಣ ನಮ್ಮನ್ನು ‘ಫ್ರೆಂಡ್ಸ್’ ಎಂದು ತೋರಿಸಿ ಮುಗಿಸಿದ.

ಆಮೇಲಿನದನ್ನು ಹೇಗೆ ಹೇಳಲಿ? ಬಿಸಿಲಲ್ಲಿ ಗುಡಿಯಿಂದ ಗುಡಿಗೆ ಅಲೆದೆವು. ಅಣ್ಣ ಪ್ರತಿಯೊಂದು ಕಂಬಕ್ಕೂ ‘ಇದು ರಾಜರ ಕಾಲದ್ದು’ ಎಂದು ಹೇಳುತ್ತಿದ್ದ. ಕೊಡಲ್ಯಪ್ಪನಿಗೆ ಆಟದ ಮಾತು ಬೇಕಿತ್ತು. ಬಾಳೆತೋಟದ ಪಕ್ಕದ ಕಾಲುವೆ ದಾರಿಯಲ್ಲಿ ನಡೆಯುವಾಗ ಅವನು ಅಣ್ಣನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ. ‘ಆ ಮಂಜಿನ ಗವಿಯಲ್ಲಿ ಎಲ್ಲರೂ ಓಡಿದಾಗ ನೀನು ಯಾಕೆ ನಿಂತೆ?’

ಗವಿಯ ಸುದ್ದಿ ಅಣ್ಣನಿಗೆ ಗೊತ್ತೇ ಇರಲಿಲ್ಲ.

ಅಣ್ಣ ಕನ್ನಡಕ ಸರಿಮಾಡಿಕೊಂಡು, ‘ಕರೆಂಟ್ ಹೋಗಿತ್ತು, ಓಡಲು ಆಗಲಿಲ್ಲ’ ಎಂದ.

ಕೊಡಲ್ಯಪ್ಪ ಹೆಗಲ ಮೇಲಿನ ಕೈ ತೆಗೆದ. ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಎನಿಸಿತು. ಅಷ್ಟು ದಿನ ಹೊಲಿದು, ತೊಳೆದು, ಉಳಿಸಿ ಬೆಳೆಸಿದ್ದ ಒಂದು ಹೆಸರನ್ನು ಅಣ್ಣ ಒಂದೇ ಮಾತಿನಲ್ಲಿ ಲೋಡ್‌ಶೆಡ್ಡಿಂಗಿಗೆ ಬರೆದುಕೊಟ್ಟಿದ್ದ. ಅವನ ಕುತ್ತಿಗೆ ಹಿಡಿದು ಆ ಕಾಲುವೆಗೆ ಅದ್ದಿಬಿಡುವಷ್ಟು ಸಿಟ್ಟು ಬಂತು. ಕೈಕಟ್ಟಿಕೊಂಡು ಹಿಂದೆ ನಡೆದೆ.

ಅದಾದ ಮೇಲೆ ಕೊಡಲ್ಯಪ್ಪ ಆಟದ ಮಾತೆತ್ತಲಿಲ್ಲ. ರಾಜರ ಕಾಲದ್ದನ್ನೆಲ್ಲ ತೆಪ್ಪಗೆ ನೋಡಿದ. ಅವನನ್ನು ಹೊಸಪೇಟೆಗೆ ಕರೆದುಕೊಂಡು ಹೋಗಿ ರೈಲು ಹತ್ತಿಸುವುದು ಎಂದಾಗಿತ್ತು. ದಾರಿಯಲ್ಲಿ ಕಮಲಾಪುರದ ಹತ್ತಿರ ಒಂದು ಚಹಾದಂಗಡಿಯಲ್ಲಿ ಅಣ್ಣ ಜೀಪು ನಿಲ್ಲಿಸಿದ. ಎಂದಿನ ಹಾಗೆ ಮುಖ ಅಂಗಡಿಯ ಗೋಡೆಗೆ, ಹಿಂಭಾಗ ಅರ್ಧ ರಸ್ತೆಗೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬಂದವು. ಸಂಡೂರಿನವನು ಸುಮ್ಮನೆ ತಿನ್ನತೊಡಗಿದ. ಕೊಡಲ್ಯಪ್ಪ ಒಂದು ಮಿರ್ಚಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ನಕ್ಕ. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಬಂದು, ಹೋಗಲು ಜಾಗವಿಲ್ಲದೆ ಹಾರ್ನ್ ಹೊಡೆಯತೊಡಗಿತು.

‘ಹೋಗ್ತಾನ ಬಿಡಲೇ, ಜಾಗ ಐತಿ,’ ಅಂದ ಅಣ್ಣ, ಬಾಯಿ ತುಂಬಿಕೊಂಡೇ.

ಬೆಳಿಗ್ಗೆಯಿಂದ ತಡೆದದ್ದೆಲ್ಲ ಆ ಹಾರ್ನಿಗೆ ಕಟ್ಟೆಯೊಡೆಯಿತು. ‘ಕೀಲಿ ಕೊಡು!’ ಎಂದು ಕೂಗಿದೆ. ‘ಗಾಡಿ ನಿಲ್ಸಾಕ ಬರಂಗಿಲ್ಲ, ಗವಿಯಾಗ ನಿಂದ್ರಾಕ ಬರಂಗಿಲ್ಲ, ದೊಡ್ಡವನಂತ ದೊಡ್ಡವ!’ ಅಣ್ಣ ಬೆಚ್ಚಿ ಕೀಲಿ ಎಸೆದ. ನಾನು ಜೀಪು ಹತ್ತಿ ಹಿಂದಕ್ಕೆ ತೆಗೆದೆ. ಸಂಡೂರಿನವನು ತಾಟು ಹಿಡಿದುಕೊಂಡೇ ಎದ್ದುಬಂದು ‘ಬರ್ಲಿ, ಬರ್ಲಿ, ಹೋಲ್ಡ್’ ಎಂದ. ಟ್ರ್ಯಾಕ್ಟರಿಗೆ ದಾರಿಯಾಯಿತು. ಅಷ್ಟಕ್ಕೇ ಬಿಡಬಹುದಿತ್ತು. ನನ್ನ ಕೈ ಬಿಡಲಿಲ್ಲ. ಜೀಪನ್ನು ಪೂರ್ತಿ ತಿರುಗಿಸಿ, ಅಂಗಡಿಯ ಕಡೆಗೆ ಹಿಂದಕ್ಕೆ ಸರಿಸಿ, ಮುಖವನ್ನು ನೆಟ್ಟಗೆ ರಸ್ತೆಗಿಟ್ಟು ನಿಲ್ಲಿಸಿ ಇಳಿದೆ.

ಕೊಡಲ್ಯಪ್ಪ ಎದ್ದು ನಿಂತಿದ್ದ. ಕೈಯಲ್ಲಿ ಅರ್ಧ ತಿಂದ ಮಿರ್ಚಿ. ಜೀಪಿನ ಮುಖ ನೋಡಿದ, ರಸ್ತೆ ನೋಡಿದ, ನನ್ನ ಹತ್ತಿರ ಬಂದ.

‘ಹೆಬ್ಬಾಗಿಲಲ್ಲಿ ನಿಲ್ಲುವವನು,’ ಎಂದ.

ನಾನು ಅಣ್ಣನ ಕಡೆ ನೋಡಿದೆ. ಅಣ್ಣನ ಮುಖ ಬಿಳುಚಿತ್ತು.

‘ನಾನು ಬಸ್ ಡ್ರೈವರ್,’ ಎಂದ ಕೊಡಲ್ಯಪ್ಪ ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ. ‘ನನಗೆ ಕಲಿಸಿದ ಮುದುಕ, ಗೋಡೆಗೆ ಮುಖ ಮಾಡಿ ಬಸ್ಸು ನಿಲ್ಲಿಸಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ. ಅದಕ್ಕೇ ನಿನ್ನನ್ನು ಅವತ್ತು ಕೇಳಿದ್ದು. ನೀವು ಒಬ್ಬರಲ್ಲ ಎಂದು ನನಗೆ ಮೊದಲಿನಿಂದ ಗೊತ್ತು. ಇವನು ಅಗೆಯುವವನು, ಅಲ್ಲವೇ?’ ಎಂದು ಸಂಡೂರಿನವನ ಕಡೆ ಬೆರಳು ತೋರಿಸಿದ. ‘ಇವನು ಹಂಚುವವನು,’ ಎಂದು ಅಣ್ಣನ ಕಡೆ. ‘ಹೆದರಬೇಡಿ, ಯಾರಿಗೂ ಹೇಳುವುದಿಲ್ಲ. ಆದರೆ ನಾನು ಇಷ್ಟು ದೂರ ಬಂದದ್ದು ಹೆಬ್ಬಾಗಿಲಲ್ಲಿ ನಿಲ್ಲುವವನನ್ನು ನೋಡಲು. ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ.’

ಅವನು ಕೈ ಚಾಚಿದ. ಮಿರ್ಚಿಯ ಎಣ್ಣೆ ಮೆತ್ತಿದ ಕೈ. ನಾನು ಹಿಡಿದುಕೊಂಡೆ. ಗವಿಯ ಬಗ್ಗೆ ಎಷ್ಟೋ ದಿನದಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ಇಂಗ್ಲಿಷಿನಲ್ಲಿ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. ಅವನಿಗೂ ಬಂದಿತ್ತು, ಆದರೆ ಅವನು ಮಿರ್ಚಿ ತಿಂದಿದ್ದ.

ಹೊರಡುವಾಗ ಜೀಪಿನ ಕೀಲಿ ನನ್ನ ಕೈಯಲ್ಲೇ ಉಳಿಯಿತು. ಕೊಡಲ್ಯಪ್ಪ ಕೇಳದೆಯೇ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ. ಅಣ್ಣನೂ ಸಂಡೂರಿನವನೂ ಹಿಂದೆ ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಅಣ್ಣನ ದನಿ ಬಂತು, ಕುಗ್ಗಿದ್ದೇನಲ್ಲ.

‘ನಾ ತಪ್ಪು ನಿಲ್ಸಿದ್ದಕ್ಕ ನೀ ತಿರುಗಿಸ್ದಿ. ನೀ ತಿರುಗಿಸಿದ್ದಕ್ಕ ಅವನಿಗೆ ಗುರ್ತು ಸಿಕ್ತು. ಅಂದ್ರ ಯಾರಿಂದ ಸಿಕ್ಕಂಗಾತು? ಇಷ್ಟು ದಿನ ಬೈತಿದ್ದಿ, ಈಗ ಬೈ ನೋಡೋಣು.’

ಬೈಯೋಣ ಎಂದು ಬಾಯಿ ತೆರೆದೆ. ಬೈಗುಳದ ಬದಲು ಹಾರ್ನ್ ಹೊಡೆದೆ. ಸಂಡೂರಿನವನು ಕಿಸಕ್ಕನೆ ನಕ್ಕ. ಎದುರಿನಿಂದ ಅದಿರು ಲಾರಿಗಳು ಒಂದರ ಹಿಂದೊಂದು ಕೆಂಪು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಪ್ರತಿ ಲಾರಿ ಹತ್ತಿರ ಬಂದಾಗಲೂ ನನ್ನ ಪಕ್ಕದಲ್ಲಿ ಕೊಡಲ್ಯಪ್ಪನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು.